ಗ್ಲುಟನ್ ಬಿಡುವ ಪಥ್ಯ ಆಸ್ಪತ್ರೆಯಿಂದ ಅಂಗಡಿಗೆ ಬಂದ ಬಗೆ

ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿರುವ ಪ್ರೋಟೀನೇ ಗ್ಲುಟನ್. ಚಪಾತಿ ಹಿಟ್ಟು ಹರಿಯದೆ ಎಳೆದಂತೆ ಬರುವುದು ಇದರಿಂದಲೇ. ಸೀಲಿಯಾಕ್ ಕಾಯಿಲೆಯವರು ಇದನ್ನು ತಿಂದರೆ ಸಣ್ಣ ಕರುಳಿನ ಒಳಪದರ ಹಾಳಾಗುತ್ತದೆ.

ಮೊದಲಿಗೆ ಕಾರಣ ಗೊತ್ತಿರಲಿಲ್ಲ. 1924ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಹಾಸ್ ಇಂಥ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಹೇಳಿದರು. ಮಕ್ಕಳು ಚೇತರಿಸಿಕೊಂಡರು, ಹೆಸರು ಬಾಳೆಹಣ್ಣಿಗೆ ಬಂತು. ನಿಜವಾಗಿ ಕೆಲಸ ಮಾಡಿದ್ದು ಬ್ರೆಡ್ ಬಿಟ್ಟಿದ್ದು! ಇಲ್ಲಿ ಒಂದು ಗೆರೆ ಎಳೆದುಕೊಳ್ಳಿ: ಪಥ್ಯದಿಂದ ಗುಣ ಕಂಡಿತು ಅಂದಮಾತ್ರಕ್ಕೆ ಅದಕ್ಕೆ ಕೊಟ್ಟ ಕಾರಣ ಸರಿ ಎಂದಲ್ಲ.

ಗೋಧಿಯ ಮೇಲೆ ಅನುಮಾನಪಟ್ಟವರು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲೆಮ್ ಡಿಕ್ಕೆ. 1944–45ರ ಚಳಿಗಾಲದಲ್ಲಿ ಅಲ್ಲಿ ಬರಗಾಲ ಬಿದ್ದು ಬ್ರೆಡ್ಡೇ ಸಿಗದಂತಾಯಿತು. ಊರೆಲ್ಲ ಹಸಿದಿದ್ದಾಗ ಈ ಮಕ್ಕಳು ಸುಧಾರಿಸಿದರು. ಬ್ರೆಡ್ ಮತ್ತೆ ಬಂದಾಗ ಕಾಯಿಲೆಯೂ ಬಂತು. 1950ರಲ್ಲಿ ಡಿಕ್ಕೆ ಇದನ್ನು ತಮ್ಮ ಪ್ರಬಂಧದಲ್ಲಿ ಬರೆದರು.

ಆಮೇಲೆ ಬಹಳ ವರ್ಷ ಗ್ಲುಟನ್ ಬಿಡುವುದು ರೋಗಿಗಳ ಪಥ್ಯವಾಗಿಯೇ ಉಳಿಯಿತು. ರಕ್ತಪರೀಕ್ಷೆ ಬಂದು ಕಾಯಿಲೆ ಪತ್ತೆ ಸುಲಭವಾಯಿತು. ನನ್ನ ಪ್ರಕಾರ ನಿಜವಾದ ತಿರುವು ಪೊಟ್ಟಣದ ಮೇಲಿನ ಲೇಬಲ್. 2013ರಲ್ಲಿ ಅಮೆರಿಕ ನಿಯಮ ಮಾಡಿತು: ಕಿಲೋಗೆ 20 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಮಾತ್ರ ಗ್ಲುಟನ್ ಫ್ರೀ ಎನ್ನಬಹುದು. ರೋಗಿಗೆ ಅದು ರಕ್ಷಣೆ. ಉಳಿದವರು ಅದನ್ನು 'ಆರೋಗ್ಯಕ್ಕೆ ಒಳ್ಳೆಯದು' ಎಂದು ಓದಿಕೊಂಡರು. ಗ್ಲುಟನ್ ಎಂದೂ ಇರದ ತಿಂಡಿಗಳ ಮೇಲೂ ಆ ಲೇಬಲ್ ಬಂತು.

ವಿಜ್ಞಾನದ ಮಾತೂ ಅರ್ಧವೇ ಹರಡಿತು. ಸೀಲಿಯಾಕ್ ಇಲ್ಲದ ಕೆಲವರಿಗೂ ಗ್ಲುಟನ್‌ನಿಂದ ತೊಂದರೆ ಎಂದು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ತಂಡ 2011ರಲ್ಲಿ ಹೇಳಿತು. 2013ರಲ್ಲಿ ಅದೇ ತಂಡ ಹೊಟ್ಟೆ ಉಬ್ಬರಿಸುವ ಕೆಲವು ಬಗೆಯ ಸಕ್ಕರೆ, ನಾರುಗಳನ್ನು ಊಟದಲ್ಲಿ ಮೊದಲೇ ಕಡಿಮೆ ಮಾಡಿ ನೋಡಿತು. ಆಗ ಗ್ಲುಟನ್ ಕೊಟ್ಟರೂ ಬಿಟ್ಟರೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಜನರ ಬಾಯಲ್ಲಿ ಉಳಿದದ್ದು ಮೊದಲನೆಯದೇ.

ಈ ಫ್ಯಾಶನ್ನಿಂದ ರೋಗಿಗಳಿಗೆ ಅಂಗಡಿಯಲ್ಲಿ ಆಯ್ಕೆ ಜಾಸ್ತಿಯಾಯಿತು, ಒಳ್ಳೆಯದೇ. ಆದರೆ ಅವರಿಗೆ 'ಸ್ವಲ್ಪ ತಿಂದರೆ ಏನಾಗುತ್ತೆ' ಎನ್ನುವವರೂ ಹೆಚ್ಚಾದರು. ಇನ್ನೊಂದು ಅಪಾಯ, ಸುಮ್ನೆ ಗೋಧಿ ಬಿಟ್ಟು ಆಮೇಲೆ ರಕ್ತಪರೀಕ್ಷೆಗೆ ಹೋಗುವುದು. ಆಗ ಕಾಯಿಲೆ ಇದ್ದರೂ ಪತ್ತೆಯಾಗದೆ ಹೋಗಬಹುದು. ಪರೀಕ್ಷೆ ಮೊದಲು, ಪಥ್ಯ ಆಮೇಲೆ.

ನಮ್ಮ ರಾಗಿ, ಜೋಳ, ಅಕ್ಕಿಯಲ್ಲಿ ಗ್ಲುಟನ್ ಇಲ್ಲ. ಹಾಗಂತ ಮುದ್ದೆ ಜೊತೆಗಿನ ಸಾರು ಸುರಕ್ಷಿತ ಅಂದುಕೊಳ್ಳಬೇಡಿ. ಒಗ್ಗರಣೆಯ ಇಂಗಿನ ಡಬ್ಬಿ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ. ಎಷ್ಟೋ ಡಬ್ಬಿಗಳಲ್ಲಿ ಇಂಗಿನ ಜೊತೆ ಮೈದಾ ಸೇರಿರುತ್ತದೆ.