ಹಾಡು ಮೊಳಗುತ್ತಿರುವಾಗಲೇ ವಾದ್ಯಗಳನ್ನು ಬೇರ್ಪಡಿಸುವ ಸಾಧನ ಇದೆಯೇ?

ಪ್ರಶ್ನೆ: ಮೊಬೈಲಿನಲ್ಲಿ ಹಾಕಿದ ಹಾಡಿನಿಂದ ಗಾಯನವನ್ನೋ ಗಿಟಾರನ್ನೋ ಆಗಿಂದಾಗಲೇ ತೆಗೆದು, ಉಳಿದದ್ದರ ಜೊತೆ ನಾನು ನುಡಿಸುವಂತಹ ಸಾಧನ ಸಿಗುತ್ತದೆಯೇ? ವೇದಿಕೆಯಲ್ಲಿ ಎದುರಿಗೇ ನುಡಿಯುವ ವಾದ್ಯಗಳಿಗೂ ಅದನ್ನು ಬಳಸಬಹುದೇ?

ಉತ್ತರ: ಮನೆಯ ಅಭ್ಯಾಸಕ್ಕೆ ಸಿಗುತ್ತದೆ. ವೇದಿಕೆಗೆ ಬೇಡ ಎನ್ನುತ್ತೇನೆ.

ಜೆಬಿಎಲ್ ಕಂಪನಿಯ ಬ್ಯಾಂಡ್‌ಬಾಕ್ಸ್ ನೀವು ಕೇಳಿದ ಬಗೆಯದೇ. ಬ್ಲೂಟೂತ್ ಮೂಲಕ ಬರುವ ಹಾಡಿನಲ್ಲಿ ಗಾಯನ, ಗಿಟಾರ್ ಅಥವಾ ಡ್ರಮ್ಸ್ ಅನ್ನು ಅದು ತಾನೇ ಬೇರ್ಪಡಿಸುತ್ತದೆ. ನಿಮ್ಮ ಗಿಟಾರನ್ನು ಅದಕ್ಕೇ ಜೋಡಿಸಿ ನುಡಿಸಬಹುದು. ಆದರೆ ವಾದ್ಯ ಬೇರ್ಪಡಿಸುವ ಸಾಧನವೆಂದು ಮಾರಾಟವಾಗುವುದೆಲ್ಲ ಹೀಗಿರುವುದಿಲ್ಲ. 2021ರಲ್ಲಿ ಬಂದ ಸ್ಟೆಮ್ ಪ್ಲೇಯರ್‌ಗೆ ನಮ್ಮ ಹಾಡು ಹಾಕಬೇಕೆಂದರೆ ಅದನ್ನು ಮೊದಲು ಜಾಲತಾಣಕ್ಕೆ ಕಳುಹಿಸಿ, ಅಲ್ಲಿ ಬೇರ್ಪಡಿಸಿಕೊಳ್ಳಬೇಕಿತ್ತು. ಡಿಜೆಗಳ ರೇನ್ ಫೋರ್ ಯಂತ್ರದಲ್ಲಿ ಅದಕ್ಕೆಂದೇ ಗುಂಡಿಗಳಿವೆ. ಲೆಕ್ಕಾಚಾರ ಮಾತ್ರ ಪಕ್ಕದ ಲ್ಯಾಪ್‌ಟಾಪಿನ ಸೆರಾಟೊ ತಂತ್ರಾಂಶದ್ದು. ಆದ್ದರಿಂದ ಬೇರ್ಪಡಿಸುವ ಕೆಲಸ ಎಲ್ಲಿ ನಡೆಯುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ಕೇಳಿ.

ಹಳೆಯ ಕರೋಕೆ ಯಂತ್ರಗಳು ಎಡ ಚಾನೆಲ್‌ನಿಂದ ಬಲ ಚಾನೆಲ್ಲನ್ನು ಕಳೆಯುತ್ತಿದ್ದವು. ನಡುವೆ ಕೂರಿಸಿದ ಗಾಯನ ಮಾಯವಾಗುತ್ತಿತ್ತು, ಜೊತೆಗೆ ಅಲ್ಲೇ ಇರುವ ಬೇಸ್ ಕೂಡ. ಮೋನೋದಲ್ಲಿ, ಅಂದರೆ ಎಡಬಲ ಎರಡೂ ಕಡೆ ಒಂದೇ ಶಬ್ದ ಬರುವಂತೆ, ಮುದ್ರಿಸಿದ ಹಳೆಯ ಚಿತ್ರಗೀತೆಯಲ್ಲಾದರೆ ಏನೂ ಉಳಿಯುತ್ತಿರಲಿಲ್ಲ! ಇಂದಿನ ವಿಧಾನ ಕಲಿಕೆಯದು. ಗಾಯನ, ಡ್ರಮ್ಸ್, ಬೇಸ್, ಇತರೆ ಎಂದು ಮೊದಲೇ ಬಿಡಿಸಿಟ್ಟ ಹಾಡುಗಳನ್ನು ಕೊಟ್ಟು ನ್ಯೂರಲ್ ಜಾಲಕ್ಕೆ ಪಾಠ ಮಾಡುತ್ತಾರೆ. ಸಂಶೋಧಕರು ಬಹಳವಾಗಿ ಬಳಸುವ ಮಸ್‌ಡಿಬಿ18 ಸಂಗ್ರಹದಲ್ಲಿರುವುದು 150 ಹಾಡುಗಳು. ಡೀಝರ್ ಕಂಪನಿ 2019ರಲ್ಲಿ ಸ್ಪ್ಲೀಟರ್ ತಂತ್ರಾಂಶವನ್ನು ಮುಕ್ತವಾಗಿ ಬಿಟ್ಟುಕೊಟ್ಟ ಮೇಲೆ ಈ ವಿದ್ಯೆ ಎಲ್ಲರ ಕೈಗೆ ಬಂತು.

ವೇದಿಕೆಯ ತೊಡಕು ಇರುವುದು ಕಾಲದಲ್ಲಿ. ದನಿ ಯಾವುದು, ತಂತಿ ಯಾವುದು ಎಂದು ಗುರುತಿಸಲು ಯಂತ್ರಕ್ಕೆ ಶಬ್ದದ ಒಂದು ತುಣುಕು ಬೇಕು. ಸ್ಪ್ಲೀಟರ್ ಶಬ್ದವನ್ನು 4,096 ಮಾದರಿಗಳ (ಕ್ಷಣಕ್ಷಣದ ಶಬ್ದದ ಅಳತೆಗಳ) ತುಣುಕುಗಳಾಗಿ ಮಾಡಿಕೊಂಡು, ಅಂತಹ ಹಲವನ್ನು ಒಟ್ಟಿಗೆ ನೋಡುತ್ತದೆ. ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ ಒಂದು ತುಣುಕು ಸೇರಲೇ ಸುಮಾರು 93 ಮಿಲಿಸೆಕೆಂಡ್ ಹಿಡಿಯುತ್ತದೆ. ಧ್ವನಿಮುದ್ರಿತ ಹಾಡಾದರೆ ಈ ವಿಳಂಬ ನಿಮಗೆ ತಿಳಿಯುವುದೇ ಇಲ್ಲ: ಇಡೀ ಹಾಡೇ ತುಸು ತಡವಾಗಿ ಹೊರಡುತ್ತದೆ, ನಿಮ್ಮ ಗಿಟಾರ್ ಮಾತ್ರ ಆ ಜಾಲದೊಳಗೆ ಹೋಗದೆ ನೇರವಾಗಿ ಕೇಳಿಸುತ್ತದೆ. ಎದುರಿಗೇ ನುಡಿಯುತ್ತಿರುವ ವಾದ್ಯಗಳನ್ನು ಬೇರ್ಪಡಿಸಬೇಕಾದಾಗ ಈ ಅನುಕೂಲವಿಲ್ಲ. 20–30 ಮಿಲಿಸೆಕೆಂಡ್ ತಡವಾದರೂ ವಾದಕರಿಗೆ ತಾಳ ಜಾರಿದಂತಾಗುತ್ತದೆ. ತುಣುಕನ್ನು ಚಿಕ್ಕದು ಮಾಡಿದರೆ ವೇಗ ಹೆಚ್ಚುತ್ತದೆ, ಆದರೆ ಒಂದರ ನಾದ ಇನ್ನೊಂದಕ್ಕೆ ಸೋರುತ್ತದೆ. ವೇದಿಕೆಯಲ್ಲಿ ಒಂದೊಂದು ವಾದ್ಯಕ್ಕೂ ಒಂದೊಂದು ಮೈಕ್ ಇಡುವುದೇ ಇಂದಿಗೂ ಸರಿಯಾದ ದಾರಿ.

ಕರ್ನಾಟಕ ಸಂಗೀತ ಅಭ್ಯಾಸ ಮಾಡುವವರಿಗೆ ಇನ್ನೊಂದು ಮಾತು. ಈ ಜಾಲಗಳು ಹೆಚ್ಚಾಗಿ ಕಲಿತಿರುವುದು ಪಾಶ್ಚಾತ್ಯ ಜನಪ್ರಿಯ ಸಂಗೀತವನ್ನು. ನಾಲ್ಕೇ ಪಾಲು ಮಾಡುವ ಯಂತ್ರದಲ್ಲಿ ವೀಣೆ, ತಂಬೂರಿಗಳಿಗೆ ‘ಇತರೆ’ಯೇ ಗತಿ. ಶ್ರುತಿಗೆ ಸೇರಿಸಿದ ಮೃದಂಗವನ್ನು ಡ್ರಮ್ಸ್ ಎನ್ನಬೇಕೋ ಬೇಡವೋ ಎಂದು ಅದು ತಡಕಾಡಬಹುದು. ಗಾಯಕರ ಗಮಕವನ್ನೇ ಹಿಂಬಾಲಿಸುವ ಪಿಟೀಲು ದನಿಗೆ ಅಂಟಿಕೊಳ್ಳಬಹುದು. ಕಛೇರಿಯಲ್ಲಿ ಎಲ್ಲರೂ ಒಟ್ಟಿಗೆ ಕೂತು ನುಡಿಸುವುದರಿಂದ ಒಬ್ಬರ ಮೈಕಿನಲ್ಲಿ ಇನ್ನೊಬ್ಬರ ನಾದವೂ ಸೇರಿರುತ್ತದೆ. ಹೀಗಾಗಿ ಯಂತ್ರಕ್ಕೆ ಪಾಠ ಮಾಡಲು ಬೇಕಾದ ಶುದ್ಧ ಬಿಡಿ ಮುದ್ರಣಗಳೇ ನಮ್ಮಲ್ಲಿ ವಿರಳ.

ಅಂಗಡಿಗೆ ಹೋಗುವಾಗ ನೀವು ನಿಜವಾಗಿ ಅಭ್ಯಾಸ ಮಾಡುವ ಹಾಡನ್ನೇ ಒಯ್ಯಿರಿ. ಗಾಯನ ತೆಗೆದ ಮೇಲೆ ‘ಸ’, ‘ಶ’ ಅಕ್ಷರಗಳ ಸದ್ದು ಉಳಿದಿದೆಯೇ, ತಾಳದ ಝೇಂಕಾರ ನೀರಿನೊಳಗಿಂದ ಬಂದಂತೆ ಕೇಳುತ್ತಿದೆಯೇ ಎಂದು ಕಿವಿಗೊಡಿ.