ಎಂಟನೇ ಕ್ಲಾಸು ಎರಡು ಸಲ ಓದಿಸಿದರೆ ಮಗ ಆಟದಲ್ಲಿ ಮುಂದೆ ಬರ್ತಾನಾ?

ಟೆಕ್ಸಸ್‌ನಲ್ಲಿ ಮಕ್ಕಳ ಡಾಕ್ಟರ್ ಆಗಿರುವ ನನಗೆ ಬೇಸಿಗೆ ಬಂತೆಂದರೆ ಈ ಪ್ರಶ್ನೆ ತಪ್ಪಿದ್ದಲ್ಲ. ಶಾಲೆಯ ಕ್ರೀಡಾ ಫಾರಂಗೆ ಸಹಿ ಹಾಕಿಸಲು ಬರುವ ಅಪ್ಪ ಅಮ್ಮ ಹೊರಡುವಾಗ ಮೆಲ್ಲಗೆ ಕೇಳುತ್ತಾರೆ: "ಡಾಕ್ಟ್ರೇ, ಇವನನ್ನ ಇನ್ನೊಂದು ವರ್ಷ ಎಂಟನೇ ಕ್ಲಾಸಲ್ಲೇ ಇಟ್ಟರೆ ಹೇಗೆ?" ಹುಡುಗ ಪಾಸಾಗಿದ್ದಾನೆ, ಮಾರ್ಕ್ಸೂ ಚೆನ್ನಾಗಿದೆ. ಆದರೆ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಎಲ್ಲರಿಗಿಂತ ಗಿಡ್ಡ. ಇಲ್ಲಿ ಇದನ್ನು 'ರೀಕ್ಲಾಸ್' ಮಾಡಿಸೋದು ಅಂತಾರೆ. ಕನ್ನಡದ ಮನೆಗಳಲ್ಲೂ ಈಗ ಈ ಮಾತು ಕೇಳಿಬರುತ್ತಿದೆ.

ಎಂಟನೇ ಕ್ಲಾಸೇ ಯಾಕೆ? ಇಲ್ಲಿ ಹೈಸ್ಕೂಲ್ ಶುರುವಾಗೋದು ಒಂಬತ್ತನೇ ಕ್ಲಾಸಿಂದ. ಅದಕ್ಕೆ ಕಾಲಿಟ್ಟ ದಿನದಿಂದ ಸತತ ನಾಲ್ಕು ವರ್ಷ ಮಾತ್ರ ಹೈಸ್ಕೂಲ್ ತಂಡಕ್ಕೆ ಆಡಬಹುದು. ಆಮೇಲೆ ಫೇಲಾಗಿ ಉಳಿದರೂ ಲೆಕ್ಕ ನಿಲ್ಲುವುದಿಲ್ಲ. ಹಾಗಾಗಿ ಹೆಚ್ಚುವರಿ ವರ್ಷವನ್ನು ಅದಕ್ಕೂ ಮೊದಲೇ ತುರುಕಬೇಕು. ತಂಡಕ್ಕೆ ಆಟಗಾರರನ್ನು ಆರಿಸುವಾಗ ಕಾಲೇಜು ಕೋಚ್‌ಗಳು ಹುಡುಗನ ವಯಸ್ಸಿಗಿಂತ ಅವನು ಹೈಸ್ಕೂಲ್ ಮುಗಿಸುವ ವರ್ಷವನ್ನೇ ಜಾಸ್ತಿ ನೋಡುತ್ತಾರೆ. ಆಸೆ ಹುಟ್ಟೋದು ಅಲ್ಲೇ.

ಟೆಕ್ಸಸ್‌ನ ಶಾಲಾ ಕ್ರೀಡೆ ನಡೆಸುವ ಯುಐಎಲ್‌ನ ನಿಯಮ ತುಂಬಾ ಜನರಿಗೆ ಗೊತ್ತಿಲ್ಲ. ಏಳು ಅಥವಾ ಎಂಟನೇ ಕ್ಲಾಸಿನಲ್ಲಿ ಆಟಕ್ಕೋಸ್ಕರ ಒಂದು ವರ್ಷ ಉಳಿಸಿದ್ದು ಅಂತಾದರೆ, ಹೈಸ್ಕೂಲಿನ ನಾಲ್ಕನೇ ವರ್ಷ ಆಡುವ ಅವಕಾಶವೇ ಹೋಗುತ್ತದೆ. ಇನ್ನು ಶಾಲೆಯ ಹೊರಗೆ ಮಕ್ಕಳು ಆಡುವ ಲಿಟಲ್ ಲೀಗ್ ಬೇಸ್‌ಬಾಲ್‌ನಂಥ ಕಡೆ ಹುಟ್ಟಿದ ತಾರೀಕೇ ಲೆಕ್ಕ. ಅಲ್ಲಿ ಕ್ಲಾಸು ಹಿಂದಕ್ಕೆ ಹಾಕಿ ಏನೂ ಸಿಗುವುದಿಲ್ಲ.

ವಯಸ್ಸಿನಿಂದ ಲಾಭ ಇದೆ ಅನ್ನೋದು ಸುಳ್ಳಲ್ಲ. ಜನವರಿ 1ರಿಂದ ವಯಸ್ಸು ಎಣಿಸುವ ಕೆನಡಾದ ಐಸ್ ಹಾಕಿಯಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಇದ್ದಾರೆಂದು ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು 1985ರಲ್ಲೇ ತೋರಿಸಿದ್ದರು. ಆದರೆ ಹದಿಮೂರರ ಹುಡುಗರಲ್ಲಿ ಹುಟ್ಟಿದ ತಾರೀಕಿಗಿಂತ ದೊಡ್ಡದೊಂದು ವ್ಯತ್ಯಾಸ ಇರುತ್ತದೆ: ಮೈ ಬೆಳೆದ ಮಟ್ಟ. ಒಂದೇ ತಿಂಗಳು ಹುಟ್ಟಿದ ಇಬ್ಬರ ಎಡಗೈ ಎಕ್ಸ್‌ರೇ ತೆಗೆದರೆ ಮೂಳೆಯ ವಯಸ್ಸಿನಲ್ಲಿ, ಅಂದರೆ ಮೂಳೆ ಎಷ್ಟು ಬಲಿತಿದೆ ಅನ್ನೋ ಲೆಕ್ಕದಲ್ಲಿ, ಮೂರ್ನಾಲ್ಕು ವರ್ಷದ ಅಂತರ ಕಾಣಬಹುದು. ಒಂದು ವರ್ಷ ಹಿಂದೆ ಉಳಿಸಿ ಅದನ್ನು ತುಂಬಿಸಲಿಕ್ಕಾಗುತ್ತಾ?

ಅದಕ್ಕೇ ನಾನು ಮೊದಲು ಅಪ್ಪ ಅಮ್ಮನ ಎತ್ತರ ಕೇಳುತ್ತೇನೆ. ಅಪ್ಪ 172 ಸೆಂಟಿಮೀಟರ್, ಅಮ್ಮ 158 ಅಂದುಕೊಳ್ಳಿ. ಎರಡನ್ನೂ ಕೂಡಿಸಿ, ಹುಡುಗನಾದರೆ 13 ಸೇರಿಸಿ, ಅರ್ಧ ಮಾಡಿ. 171.5 ಬರುತ್ತದೆ. ಎಂಟೊಂಬತ್ತು ಸೆಂಟಿಮೀಟರ್ ಆಚೀಚೆ ಆಗಬಹುದು. ಎಂಟನೇ ಕ್ಲಾಸು ಎಷ್ಟು ಸಲ ಓದಿಸಿದರೂ ಈ ಅಂದಾಜು ಬದಲಾಗುವುದಿಲ್ಲ. ಆಮೇಲೆ ಶೂ ವಿಷಯ ಕೇಳುತ್ತೇನೆ. "ಮೂರು ತಿಂಗಳಿಗೊಂದು ಜೊತೆ ಬೇಕಾಗಿದೆ" ಅಂತ ಅಮ್ಮ ಗೊಣಗಿದರೆ ನನಗೆ ಖುಷಿ. ಮೊದಲು ಬೆಳೆಯೋದು ಪಾದ. ಎತ್ತರ ಆಮೇಲೆ ಬರುತ್ತದೆ. ಹುಡುಗರಲ್ಲಿ ಸಾಮಾನ್ಯವಾಗಿ ಹದಿಮೂರೂವರೆ, ಹದಿನಾಲ್ಕರ ಸುಮಾರಿಗೆ ಈ ಜಿಗಿತ, ಕೆಲವರಿಗೆ ಇನ್ನೂ ತಡ. ಆ ಒಂದು ವರ್ಷದಲ್ಲಿ ಒಂಬತ್ತು ಸೆಂಟಿಮೀಟರ್ ಬೆಳೆದರೂ ಆಶ್ಚರ್ಯವಿಲ್ಲ.

ನನಗೆ ಜಾಸ್ತಿ ಚಿಂತೆ ಬೇಗ ಬೆಳೆದ ಹುಡುಗನದ್ದು. ಈಗಾಗಲೇ ಮೀಸೆ ಮೂಡಿದವನನ್ನು ಒಂದು ವರ್ಷ ಕೆಳಗೆ ಆಡಿಸಿದರೆ ಮೈಬಲದಲ್ಲೇ ಗೆಲ್ಲುತ್ತಾನೆ, ಕೈಚಳಕ ಕಲಿಯುವ ಗೋಜಿಗೇ ಹೋಗುವುದಿಲ್ಲ. ಹದಿನೇಳಕ್ಕೆ ಉಳಿದವರೂ ಅಷ್ಟೇ ಎತ್ತರಕ್ಕೆ ಬಂದಾಗ ಅವನ ಕೈ ಖಾಲಿ. ಎದುರಿಗೆ ಆಡುವ ಸಣ್ಣ ಮಕ್ಕಳಿಗೆ ಬೀಳುವ ಪೆಟ್ಟಿನ ಮಾತು ಬೇರೆ. ನಮ್ಮ ರಾಹುಲ್ ದ್ರಾವಿಡ್ 2015ರ ಪಟೌಡಿ ಉಪನ್ಯಾಸದಲ್ಲಿ ಕಿರಿಯರ ಕ್ರಿಕೆಟ್‌ನ ವಯಸ್ಸಿನ ವಂಚನೆ ಬಗ್ಗೆ ಇದೇ ಕಳವಳ ಹೇಳಿದ್ದರು: ಅಂಥವರು ಗೆಲ್ಲುವುದು ಪ್ರತಿಭೆಯಿಂದಲೇ ಅಂತೇನಿಲ್ಲ, ವಯಸ್ಸಿನಿಂದ. ಅಲ್ಲಿ ಸರ್ಟಿಫಿಕೇಟ್ ತಿದ್ದುತ್ತಾರೆ, ಇಲ್ಲಿ ಕಾನೂನು ಪ್ರಕಾರವೇ ನಡೆಯುತ್ತದೆ. ಮೈದಾನದಲ್ಲಿ ಆಗುವ ಅನ್ಯಾಯ ಮಾತ್ರ ಒಂದೇ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಅಕಾಡೆಮಿಗಳು ಮೈ ಬೆಳವಣಿಗೆ ನೋಡಿ ಗುಂಪು ಮಾಡಿ ಆಡಿಸಿ ನೋಡಿವೆ. ನನಗೆ ಅದು ಸರಿಯಾದ ದಾರಿ ಅನ್ನಿಸುತ್ತದೆ.

ಹದಿಹರೆಯದವರ ಜೊತೆ ಐದು ನಿಮಿಷ ಒಬ್ಬರೇ ಮಾತಾಡುವುದು ನಮ್ಮ ಪದ್ಧತಿ. ಆಗ ಒಬ್ಬ ಹುಡುಗ ಹೇಳಿದ: "ಫ್ರೆಂಡ್ಸ್ ಎಲ್ಲ ಹೈಸ್ಕೂಲಿಗೆ ಹೋಗ್ತಾರೆ. ನಾನು ಅದೇ ಆಲ್‌ಜೀಬ್ರಾ ಮತ್ತೆ ಮಾಡ್ಬೇಕು. ಅಪ್ಪಂಗೆ ಹೇಳೋಕೆ ಭಯ." ಅವನು ಒಪ್ಪಿಕೊಂಡ ಮೇಲೆ ಅವನೆದುರೇ ಅಪ್ಪನ ಹತ್ತಿರ ಈ ವಿಷಯ ಎತ್ತಿದೆ.

ಓದಿನಲ್ಲಿ ನಿಜವಾದ ತೊಡಕಿದ್ದರೆ, ದೊಡ್ಡ ಕಾಯಿಲೆಯಿಂದ ವರ್ಷವೇ ಹಾಳಾಗಿದ್ದರೆ ಮಾತು ಬೇರೆ. ಆಗ ಟೀಚರ್ ಜೊತೆ ಕೂತು ತೀರ್ಮಾನಿಸಿ. ಬರೀ ಆಟಕ್ಕಾದರೆ ನನ್ನ ಸಲಹೆ ಬೇಡ ಅಂತಲೇ. ಆರು ತಿಂಗಳಿಗೊಮ್ಮೆ ಅದೇ ಗೋಡೆಗೆ ನಿಲ್ಲಿಸಿ ಎತ್ತರ ಅಳೆದು ಬರೆದಿಡಿ. ಬೆಂಚಿನ ಮೇಲೆ ಕೂರಿಸುವ ದೊಡ್ಡ ಕ್ಲಬ್ ಬಿಟ್ಟು, ಪೂರ್ತಿ ಆಟ ಆಡಿಸುವ ಸಣ್ಣ ತಂಡಕ್ಕೆ ಸೇರಿಸಿ. ಹದಿನಾಲ್ಕು ತುಂಬಿದರೂ ಹರೆಯದ ಯಾವ ಲಕ್ಷಣವೂ ಕಾಣದಿದ್ದರೆ ಕೋಚ್ ಹತ್ತಿರ ಅಲ್ಲ, ಡಾಕ್ಟರ್ ಹತ್ತಿರ ಕರೆದುಕೊಂಡು ಬನ್ನಿ.