ಬಳಸಿದ ಚಾಕು ಮಾರುವಾಗ ‘ಹೊಸದರ ಹಾಗಿದೆ’ ಅಂತ ಬರೆಯಬಹುದಾ?

ಅಂಕೋಲಾದ ಓದುಗರೊಬ್ಬರ ಪ್ರಶ್ನೆ: ‘ಮೀನು ಹೆಚ್ಚಲು ತಂದ ಕಾರ್ಬನ್ ಸ್ಟೀಲ್ ಚಾಕು. ಒಂದು ಮಳೆಗಾಲ ಬಳಸಿದ್ದೇನೆ. ಈಗ ಸಾಣೆ ಹಿಡಿಸಿ ಫಳಫಳ ಮಾಡಿಸಿದ್ದೇನೆ. ಆನ್‌ಲೈನ್‌ನಲ್ಲಿ ಮಾರುವಾಗ ಹೊಸದರ ಹಾಗಿದೆ ಅನ್ನಬಹುದಾ?’

ಬೇಡ. ಒಮ್ಮೆ ಸಾಣೆ ಕಂಡ ಮೇಲೆ ಅದು ಬಳಸಿದ ಚಾಕುವೇ. ಕಾರವಾರದ ಭಾನುವಾರದ ಸಂತೆಯಲ್ಲಾದರೆ ಕೈಗೆತ್ತಿಕೊಂಡು, ಬಾಯಿ ನೋಡಿ, ಹಿಡಿ ಅಲುಗಾಡಿಸಿಯೇ ದುಡ್ಡು ಕೊಡುತ್ತೇವೆ ಅಲ್ವಾ? ಆನ್‌ಲೈನ್‌ನಲ್ಲಿ ಆ ಕೆಲಸವನ್ನೆಲ್ಲ ನೀವು ಬರೆಯುವ ನಾಲ್ಕು ಸಾಲು, ಹಾಕುವ ಫೋಟೋಗಳೇ ಮಾಡಬೇಕು.

ಮೊದಲು ಸಾಣೆಯ ವಿಷಯ. ಮಷಿನ್‌ನಲ್ಲಾ, ಕಲ್ಲಿನ ಮೇಲಾ? ಇದನ್ನು ಬರೆಯಲೇಬೇಕು. ಮಷಿನ್ ಚಕ್ರಕ್ಕೆ ಜಾಸ್ತಿ ಹೊತ್ತು ಹಿಡಿದರೆ ಅಲಗಿನ ಅಂಚು ಕಾದು ನೀಲಿಯಾಗುತ್ತದೆ, ಅಲ್ಲಿ ಉಕ್ಕಿನ ಹದ ಹೋಗಿರುತ್ತದೆ, ಆಮೇಲೆ ಎಷ್ಟು ಮಸೆದರೂ ಬೇಗ ಮೊಂಡಾಗುತ್ತದೆ. ಆ ನೀಲಿಯನ್ನು ಉಜ್ಜಿ ತೆಗೆದರೆ ಫೋಟೋದಲ್ಲಿ ಕಾಣುವುದಿಲ್ಲ. ಅದಕ್ಕೇ ಬಾಯಿಬಿಟ್ಟು ಹೇಳಬೇಕು.

ಇನ್ನು ಬಣ್ಣ. ಮಾವಿನಕಾಯಿ, ನಿಂಬೆಹಣ್ಣು ಹೆಚ್ಚಿ ಅಲಗು ಬೂದು-ಕಪ್ಪಾಗಿದ್ದರೆ ಅದು ದೋಷ ಅಲ್ಲ, ಕಾರ್ಬನ್ ಸ್ಟೀಲಿನ ಗುಣವೇ ಹಾಗೆ. ಆದರೆ ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಕೆಂಪು ಪುಡಿ ಹತ್ತಿದರೆ ತುಕ್ಕು. ನಮ್ಮ ಕರಾವಳಿಯ ಉಪ್ಪುಗಾಳಿಗೆ ಇದು ಬೇಗ ಬರುತ್ತದೆ. ತುಕ್ಕು ತೆಗೆದ ಜಾಗದಲ್ಲಿ ಉಗುರು ಆಡಿಸಿ ನೋಡಿ. ಸಿಕ್ಕಿಕೊಂಡರೆ ಅಲ್ಲಿ ಗುಳಿ ಬಿದ್ದಿದೆ, ಎಷ್ಟು ಹೊಳಪು ಕೊಟ್ಟರೂ ಅದು ಹೋಗುವುದಿಲ್ಲ.

ಚಾಕುವನ್ನು ಬಾಯಿ ಮೇಲಾಗಿ ಹಿಡಿದು ಕಿಟಕಿ ಬೆಳಕಿಗೆ ನೋಡಿ. ಹರಿತ ಇರುವ ಕಡೆ ಅಂಚು ಕಾಣುವುದೇ ಇಲ್ಲ, ಮೊಂಡಾದ, ಮುಕ್ಕಾದ ಕಡೆ ಮಾತ್ರ ಸಣ್ಣ ಮಿಂಚು ಕಾಣುತ್ತದೆ. ಆ ಮಿಂಚಿನ ಫೋಟೋವನ್ನೇ ಹಾಕಿ. ಅಲಗಿನ ಪಕ್ಕ ಸ್ಕೇಲ್ ಇಟ್ಟು ಇನ್ನೊಂದು ತೆಗೆಯಿರಿ, ಸವೆದು ಎಷ್ಟು ಅಗಲ ಉಳಿದಿದೆ ಅಂತ ತಿಳಿಯಲಿ.

ಮರದ ಹಿಡಿಯಾದರೆ ಒಂದು ಎಚ್ಚರ. ಮಳೆಗಾಲದಲ್ಲಿ ಮರ ಉಬ್ಬಿ ಬಿಗಿಯಾಗಿ ಕೂತ ಹಿಡಿ, ಬೇಸಿಗೆಯಲ್ಲಿ ಒಣಗಿ ಸಡಿಲವಾಗಬಹುದು. ಬೇಸಿಗೆಯಲ್ಲಿ ಅಲುಗಾಡುತ್ತಿತ್ತು ಅಂದರೆ ಹಾಗೇ ಬರೆಯಿರಿ. ಮಡಿಚುವ ಚಾಕುವಾದರೆ ಲಾಕ್ ಗಟ್ಟಿಯಾಗಿ ಕೂರುತ್ತದಾ, ಬಿಚ್ಚಿದಾಗ ಅಲಗು ಅತ್ತಿತ್ತ ಆಡುತ್ತದಾ, ಎರಡನ್ನೂ ಹೇಳಿ.

ಕಳಿಸುವಾಗ ಸುಮ್ನೆ ಪೇಪರ್ ಸುತ್ತಬೇಡಿ. ಅದು ತೇವ ಹಿಡಿದು, ನೀವು ಇಲ್ಲ ಅಂದ ತುಕ್ಕು ದಾರಿಯಲ್ಲೇ ಹುಟ್ಟುತ್ತದೆ. ಎಣ್ಣೆ ಸವರಿ, ಬಾಯಿಗೆ ದಪ್ಪ ರಟ್ಟು ಕಟ್ಟಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಗಟ್ಟಿ ಡಬ್ಬಿಯಲ್ಲಿ ಹಾಕಿ ಕಳಿಸಿ.